ಹತ್ತಕ್ಕೆ ಏಳು

ನಾನು ರೋಗಿಗಳನ್ನು ನೋಡುವವಳಲ್ಲ.
ನನಗೆ ಬರುವುದು ಹನ್ನೆರಡು ಶೀಸೆ,
ಫಾರ್ಮಲಿನ್ನಿನಲ್ಲಿ ಹನ್ನೆರಡು ಎಳೆ,
ಶ್ಯಾವಿಗೆಗಿಂತ ಸಣ್ಣವು.
ಲೇಬಲ್ಲಿನಲ್ಲಿ: ದಸ್ತಗೀರಸಾಬ ಮನಗೂಳಿ, ಅರವತ್ತೆಂಟು,
ಜೋರಾಪುರ ಪೇಟೆ, ವಿಜಯಪುರ.
ಬಲ ಬುಡ, ಬಲ ನಡು, ಬಲ ತುದಿ; ಹಾಗೇ ಎಡ.

ಸಾವಂತ್ರಿ ಮೇಣದಲ್ಲಿ ಕೂರಿಸಿ, ಹೆರೆದು,
ನೇರಳೆ ಗುಲಾಬಿ ಕುಡಿಸಿ ಕೊಟ್ಟಳು.
ಕರೆಂಟು ಹೋಯಿತು. ಬಂತು. ಬಗ್ಗಿದೆ.

ಬಲಗಡೆ ತಕರಾರಿಲ್ಲ.
ಒಂದೊಂದು ಗ್ರಂಥಿಯೂ ಅಂಗಳವಿಟ್ಟ ಮನೆ,
ಒಳಸಾಲು ಕೋಶ, ಹೊರಸಾಲು ಕೋಶ, ಜೋಡಿ ಗೋಡೆ.
ಎಡ ನಡುವಿನಲ್ಲಿ ಹೊರಗೋಡೆ ಸಿಗಲಿಲ್ಲ.
ಕಂದು ಬಣ್ಣ ಹಾಕಿಸಿ ಮತ್ತೆ ಹುಡುಕಿದೆ.
ಇಲ್ಲ.
ಎಡ ಬುಡಕ್ಕೆ ಬಂದರೆ,
ನಮ್ಮೂರ ಕೋಟೆ ಕುಸಿದಲ್ಲೆಲ್ಲ ಮನೆ ಹಬ್ಬಿದ ಹಾಗೆ
ಒಂದಕ್ಕೊಂದು ಅಂಟಿ, ಅಂಗಳ ಮುಚ್ಚಿ,
ಓಣಿಯೇ ಇಲ್ಲದೆ.

ಹೆಚ್ಚು ಹಬ್ಬಿದ ನಕ್ಷೆಗೆ ನಾಲ್ಕು,
ಅದರ ಹಿಂದಿನದಕ್ಕೆ ಮೂರು.
ಕೂಡಿಸಿ ಸಹಿ ಮಾಡಿ
ರೊಟ್ಟಿ, ಶೇಂಗಾ ಹಿಂಡಿ ಉಂಡೆ.

ಶನಿವಾರ ಕಿಟಕಿಗೆ ಒಬ್ಬರು ಬಂದರು,
ವರದಿಯನ್ನು ಎರಡು ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿ ಹಿಡಿದು.
‘ಇಂಡಿ ರೂಟಿನಾಗ ಮೂವತ್ತೊಂದು ವರ್ಷ ಕಂಡಕ್ಟರ್ ಇದ್ದೆ ಬಾಯಾರ.
ಇದರಾಗ ನನಗ ತಿಳಿಯೂದು ಲೆಕ್ಕದ ಸಾಲು ಒಂದ.
ಹತ್ತಕ್ಕ ಏಳ. ಫಸ್ಟ್ ಕ್ಲಾಸ್ ಆತಲ್ಲ?’
ನಾನು ನಗಲಿಲ್ಲ, ಅವರೇ ನಕ್ಕರು.
‘ರಾತ್ರಿ ಐದ ಸಲ ಏಳತೇನಿ.
ಕಾಗದದಾಗೂ ಏಳ ಅಂದ್ರ ಹೆಂಗ, ಅಂತಾಳ ನಮ್ಮಾಕಿ.’

ಹೇಳುವುದು ನನ್ನ ಕೆಲಸವಲ್ಲ.
ಆದರೂ ಹೇಳಿದೆ:
ಮೂರಕ್ಕೆ ನಾಲ್ಕು ಕೂಡಿದರೂ ಏಳು,
ನಾಲ್ಕಕ್ಕೆ ಮೂರು ಕೂಡಿದರೂ ಏಳು,
ನಮ್ಮಲ್ಲಿ ಮಾತ್ರ ಅವೆರಡೂ ಒಂದೇ ಏಳಲ್ಲ.
ಮೊದಲು ನಿಂತದ್ದು ಯಾವುದು, ಅದನ್ನು ನೋಡುತ್ತಾರೆ.

ಕಿಟಕಿಯ ಕಟ್ಟೆಯ ಮೇಲೆ ಬೆರಳಿಂದ
ಏನೋ ಬರೆದು ಅಳಿಸಿದರು.
‘ಅಂದ್ರ ಗಲಾಟಿ ಮಂದಿನ ಹೆಚ್ಚ ಹತ್ಯಾರ ಗಾಡ್ಯಾಗ.’
ಹೌದು ಅಂದೆ.
‘ಕಡೀ ಸ್ಟಾಪ್ ಅಂತೇನಲ್ಲ?’
ಅಲ್ಲ. ಎಲುಬಿನ ಸ್ಕ್ಯಾನ್ ಆಗಲಿ, ಮೂರನೇ ಮಹಡಿಗೆ ಹೋಗಿ.

ಹೋಗಲಿಲ್ಲ.
‘ಉಳಿದ ತುಣುಕ ಏನ ಮಾಡತೀರಿ?’
ಮೇಣದಲ್ಲೇ ಇಡುತ್ತೇವೆ, ಕಪಾಟಿನಲ್ಲಿ, ವರ್ಷಗಟ್ಟಲೆ.
‘ಹಂಗಾರ ನನ್ನ ಚಿಲ್ಲರ ನಿಮ್ಮ ಕಡೆ ಬಾಕಿ’ ಎಂದು
ವರದಿಯನ್ನು ಮಗುಚಿ, ಬಿಳಿ ಬೆನ್ನು ನನ್ನತ್ತ ಮಾಡಿ
ಪೆನ್ನು ತೋರಿಸಿದರು.
ರೂಮಿನ ನಂಬರು ಬರೆದು
ಕೆಳಗೊಂದು ಗೀಟು ಎಳೆದು ಕೊಟ್ಟೆ.