ಸಿಂಕಿನ ಮೇಲಿನ ಕಿಟಕಿ

ನೂರ ಎಪ್ಪತ್ತೆಂಟು ಡಾಲರು, ನಾಲ್ಕು ಫೋನಿಗೆ.
ಬಿಲ್ಲನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ
ವಾರ ಬಿಟ್ಟು ನೋಡಿದೆ,
ಹಾಲು ತೆಗೆಯುವಾಗಲಾದರೂ ಕಣ್ಣಿಗೆ ಬೀಳಲಿ ಎಂದು.
ಯಾರ ಕಣ್ಣಿಗೂ ಬೀಳಲಿಲ್ಲ.
ಹಾಲು ಖಾಲಿಯಾಯಿತು.

ಆಶ್ಟಬ್ಯೂಲಾ ಬಂದರಿನಲ್ಲಿ ಜನವರಿ ಕಳೆಯಿತೆಂದರೆ
ನೀರಿಗೂ ರಜೆ.
ಸರೋವರ ಹೆಪ್ಪುಗಟ್ಟಿದರೆ ಹಡಗಿಲ್ಲ,
ಹಡಗಿಲ್ಲದಿದ್ದರೆ ಸುಣ್ಣಕಲ್ಲಿನ ರಾಶಿಯಿಲ್ಲ,
ರಾಶಿಯಿಲ್ಲದಿದ್ದರೆ ವೇಯ್ನ್
ಮನೆಯಲ್ಲಿ ಕೂತು, ಸರಿಯಾಗಿಯೇ ಇರುವ ಬಾಗಿಲಿನ
ತಿರುಪು ಬಿಗಿಯುತ್ತಾನೆ.

ಹಾಗಾಗಿ ಒಂದು ಮಂಗಳವಾರ, ಊಟದ ಬಿಡುವಿನಲ್ಲಿ,
ಕಾರಿನ ಹೀಟರು ಹಚ್ಚಿಕೊಂಡು
ಕಂಪನಿಗೆ ನಾನೇ ಫೋನು ಮಾಡಿದೆ.
ನಲವತ್ತು ನಿಮಿಷ ಪಿಟೀಲು ಕೇಳಿಸಿದರು.
ಆಮೇಲೊಬ್ಬಳು ಬಂದಳು, ದನಿ ಬೆಣ್ಣೆ:
'ಹನ್ನೊಂದು ವರ್ಷ ನಮ್ಮ ಜೊತೆ ಇದ್ದಿರಿ,
ಈಗ ಯಾಕೆ ಬಿಟ್ಟು ಹೋಗುತ್ತೀರಿ?
ನಮ್ಮಿಂದೇನಾದರೂ ತಪ್ಪಾಯಿತೆ?'
ಮದುವೆಯಾಗಿ ಇಪ್ಪತ್ತಾರು ವರ್ಷ,
ಇಷ್ಟು ಮೆತ್ತಗೆ ಯಾರೂ ನನ್ನನ್ನು ಕೇಳಿದ್ದಿಲ್ಲ.
ಒಂದು ಗಳಿಗೆ ಕರಗಿಯೇ ಹೋಗಿದ್ದೆ.
ಹೀಟರು ಆರಿತು, ಎಚ್ಚರವಾಯಿತು.

'ನಾಲ್ಕನೆಯ ನಂಬರು ಯಾರದು? ಬಿಟ್ಟುಬಿಡೋಣವೆ?'

ಅದು ಕೊರಿನಳದು.
ನನ್ನ ಮಗ ಟ್ರೆವರ್ ಅವಳನ್ನು, ಅವಳು ಅವನನ್ನು
(ಯಾರು ಮೊದಲೋ ನನಗೆ ತಿಳಿಯದು)
ಬಿಟ್ಟು ಹದಿನಾಲ್ಕು ತಿಂಗಳಾಯಿತು.
ಉಂಗುರ ವಾಪಸು ಬಂತು, ಇಸ್ತ್ರಿಪೆಟ್ಟಿಗೆ ವಾಪಸು ಹೋಯಿತು,
ಈ ನಂಬರೊಂದು ನಮ್ಮ ಬಿಲ್ಲಿನಲ್ಲೇ ಉಳಿಯಿತು,
ಬೇರೆಯವರ ಒಗೆತದಲ್ಲಿ ಸೇರಿಹೋದ
ಒಂಟಿ ಕಾಲುಚೀಲದ ಹಾಗೆ.
ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಅವಳಿಗೆ.
ಬಿಟ್ಟರೆ ಇನ್ನೂ ಹದಿನೆಂಟು ಡಾಲರು ಉಳಿತಾಯ.
'ಅದೂ ನಮ್ಮದೇ' ಎಂದೆ.

ತೆಳ್ಳನೆ ಲಕೋಟೆಯಲ್ಲಿ ಹೊಸ ಸಿಮ್ಮುಗಳು ಬಂದವು.
ನನ್ನ ಕಿವಿಯೋಲೆಯ ಮೊನೆಯಿಂದ ಚುಚ್ಚಿ
ಹಳೆಯದನ್ನು ಹೊರಗೆಳೆದೆವು, ಹಾಲುಹಲ್ಲು ಕಿತ್ತ ಹಾಗೆ.
'ಬರೀ ಎಪ್ಪತ್ತೆರಡು!' ಟ್ರೆವರ್ ಸಿಳ್ಳೆ ಹಾಕಿದ.
ಮೂರು ಫೋನಿಗೆಂದು ಅವರು ಲೆಕ್ಕ ಹಾಕಿಕೊಂಡರು.
ನಾನು ತಿದ್ದಲಿಲ್ಲ.

ಮರುದಿನ ಗೊತ್ತಾಯಿತು ಅಗ್ಗದ ಮರ್ಮ:
ಮನೆಯೊಳಗೆ ಸಿಗ್ನಲ್ಲೇ ಇಲ್ಲ.
ವೈಫೈಯನ್ನು ಬೇಸಿಗೆಯಲ್ಲೇ ತೆಗೆಸಿದ್ದೆವು.
ಮಹಡಿಯಲ್ಲಿಲ್ಲ, ಮೆಟ್ಟಿಲಲ್ಲಿಲ್ಲ, ಬಚ್ಚಲಲ್ಲಂತೂ ಇಲ್ಲ.
ಸಿಂಕಿನ ಮೇಲಿನ ಕಿಟಕಿಯಲ್ಲಿ ಮಾತ್ರ
ಎರಡು ಗೀಟು, ಅದೃಷ್ಟವಿದ್ದರೆ ಮೂರು.
ಟ್ರೆವರ್ ಅಲ್ಲಿ ನೆಲಕ್ಕೆ ನೀಲಿ ಟೇಪಿನ
ಕತ್ತರಿ ಗುರುತು ಅಂಟಿಸಿದ.
ಮಾತಾಡಬೇಕಾದವರು ಅದರ ಮೇಲೆ ನಿಂತು
ಹೊಟ್ಟೆಯನ್ನು ಸಿಂಕಿನ ಒದ್ದೆ ಅಂಚಿಗೆ ಒತ್ತಿ
ಎಂಜಲು ತಟ್ಟೆಗಳಿಗೂ ನನಗೂ ಕೇಳುವಂತೆ ಮಾತಾಡಬೇಕು.
ಗುಟ್ಟು ಈ ಪ್ಲಾನಿನಲ್ಲಿ ಸೇರಿಲ್ಲ.

ಗುರುವಾರ ವೇಯ್ನ್ ಅಕ್ಕನಿಗೆ ಫೋನು ಮಾಡಿದ.
'ಇನ್ನೂರು ಸಾಕು, ಐನೋ. ಹಡಗು ಶುರುವಾದ ಮೇಲೆ ಕೊಡುತ್ತೇನೆ,
ಹಿಂದಿನದೂ ಸೇರಿಸಿ.'
ಹಿಂದಿನದು?
ಒಂದು ಈರುಳ್ಳಿ ಸಾಕಿದ್ದ ಸೂಪಿಗೆ
ಮೂರು ಹೆಚ್ಚಿದೆ, ತಲೆ ಎತ್ತದೆ.
ರಾತ್ರಿ ಉಣ್ಣುವಾಗ ಅವನೆಂದ: ಈರುಳ್ಳಿ ಜಾಸ್ತಿಯಾಯಿತು.
ಹೌದು, ಎಂದೆ.
ಮತ್ತೆರಡು ಸಲ ಬಡಿಸಿಕೊಂಡ.

ಬೆಳಿಗ್ಗೆ ಐದಕ್ಕೆ ಕಾಫಿಗೆ ನೀರು ಹಿಡಿಯಲು ಹೋದರೆ
ಇಡೀ ರಾತ್ರಿಯ ಮಾತು ಜೇಬಿನಲ್ಲಿ ಒಟ್ಟಿಗೆ ನಡುಗುತ್ತದೆ:
ಔಷಧಿ ಅಂಗಡಿಯದು, ಹೊಸ ಕಂಪನಿಯದು,
ಎರಡೂವರೆಗೆ ಕಳಿಸಿದ ಕೊರಿನಳದು:
'ವರ್ನಾ, ಸೇತುವೆ ಮೇಲೆ ಜಾರುತ್ತಿದೆ, ನಿಧಾನ ಹೋಗು.
ಹದಿನೆಂಟು ಡಾಲರು ನಿಮ್ಮ ಅಂಚೆಪೆಟ್ಟಿಗೆಯಲ್ಲಿಟ್ಟಿದ್ದೇನೆ.'

ವೇಯ್ನ್ ಏಳುವ ಮೊದಲು
ಚಪ್ಪಲಿಯಲ್ಲೇ ಹಿಮಕ್ಕಿಳಿದೆ.
ದುಡ್ಡು ಮುದುರಿ ಹಿಟ್ಟಿನ ಡಬ್ಬಿಯೊಳಗೆ ಇಟ್ಟೆ.
ಹೋಗಿ ಬಂದ ಹೆಜ್ಜೆ ಮಾತ್ರ ಹಾಗೇ ಉಳಿದಿದೆ,
ಅಂಚೆಪೆಟ್ಟಿಗೆಯವರೆಗೆ, ನೇರವಾಗಿ,
ಸಿಂಕಿನ ಕಿಟಕಿಗೆ ಚೆನ್ನಾಗಿ ಕಾಣುವ ಹಾಗೆ.
ಎಂಟಕ್ಕೆ ಅವನು ಅಲ್ಲಿ ನಿಂತು
ಐನೋಗೆ ಫೋನು ಮಾಡುತ್ತಾನೆ.