ಹದಿನೈದು ಸೋಲ್‌ನ ಕಣ್ಣು

ಲಿಮಾದ ಅಂಚಿನ ಮರಳುಗುಡ್ಡದಲ್ಲಿ
ದುಡ್ಡಿನ ಹೆಸರು ಸೋಲ್.
ಅವರ ಮಾತಿನಲ್ಲಿ ಸೂರ್ಯನಂತೆ,
ನನ್ನ ಕಿವಿಗೆ ಬೇರೆ.
ನಾಲ್ಕು ಕ್ಯಾಮೆರಾದ ಸೆಟ್ಟಿಗೆ ಮುನ್ನೂರ ಎಂಬತ್ತು.
ಎದೆಲ್ಮೀರಾ ಎರಡು ಸಲ ಎಣಿಸಿದಳು: ಮೂವತ್ತೆರಡು.

ಹೋದ ವಾರ ಗ್ಯಾಸ್ ಸಿಲಿಂಡರು ಹೋಯಿತು,
ಅದಕ್ಕೂ ಮೊದಲು ತಂತಿಯ ಮೇಲಿದ್ದ
ಮಗನ ಶಾಲೆ ಅಂಗಿ, ಒದ್ದೆಯದೇ.

ಸಂತೆಯಲ್ಲಿ ಒಂದು ಸುಳ್ಳು ಕ್ಯಾಮೆರಾ ಕೊಂಡಳು.
ಹೊಟ್ಟೆಯೊಳಗೆ ಎರಡು ಬ್ಯಾಟರಿ ಬಿಟ್ಟರೆ ಏನಿಲ್ಲ,
ಮಿಣ ಮಿಣ ಕೆಂಪು ದೀಪ. ಹದಿನೈದು ಸೋಲ್.
ದೃಷ್ಟಿಬೊಂಬೆ ಕಟ್ಟಿದ ಹಾಗೆ
ಬಾಗಿಲ ನೆತ್ತಿಗೆ ಮೊಳೆ ಹೊಡೆದಳು.

ನಿಜದ್ದು ಕಿಟಕಿಯಲ್ಲಿ:
ಗಾಜು ಸೀಳಿದ ಹಳೇ ಫೋನು,
ತೂತು ಕೊರೆದ ಓಟ್ಸ್ ಡಬ್ಬಿಯೊಳಗೆ,
ಒಲೆಯ ಹಿಂದಿನಿಂದ ಎಳೆದ ಚಾರ್ಜರಿನ ತಂತಿ.
ಮಂಜು ಕವಿದರೆ ಅದೂ ಕುರುಡು.

ಗುರುವಾರ ಮಂಜಿರಲಿಲ್ಲ.
ರಾತ್ರಿ ಮೂರೂಕಾಲಿಗೆ ಒಬ್ಬ ಬಂದ,
ಏಣಿಯೂ ಅವನದೇ.
ಕೋಳಿ ಮುಟ್ಟಲಿಲ್ಲ, ನೀರಿನ ಡ್ರಮ್ಮು ಮುಟ್ಟಲಿಲ್ಲ.
ಸುಳ್ಳು ಕ್ಯಾಮೆರಾವನ್ನೇ ಮೆಲ್ಲಗೆ ಬಿಚ್ಚಿ
ಎದೆಗವಚಿಕೊಂಡು ಇಳಿದ.
ಡಬ್ಬಿಯೊಳಗಿನ ಫೋನು ನೋಡುತ್ತಲೇ ಇತ್ತು.
ಮೇಲಿನ ಸಾಲಿನ ಫೌಸ್ಟಿನೋ,
ಪಂಚರು ಹಾಕುವವನು.

ಬೆಳಿಗ್ಗೆ ಸೀಟಿ ಕಚ್ಚಿಕೊಂಡು
ನೂರಾ ಹದಿನಾಲ್ಕು ಮೆಟ್ಟಿಲು ಹತ್ತಿದಳು,
ಊದಿ ಬೀದಿಯನ್ನೆಲ್ಲ ಕರೆಯಲು.
ಅವನ ತಗಡಿನ ಬಾಗಿಲು ಗಿಡ್ಡ.
ಅದರ ಮೇಲೆ ಅದೇ ಕೆಂಪು, ಮಿಣ ಮಿಣ.
ಸಂದಿಯಿಂದ ಕಂಡದ್ದು
ಒಂದು ಗಾಳಿ ಪಂಪು, ಒಂದು ಮಂಚ,
ಮಂಚದಾಚೆ ಗೋಡೆಯೂ ಪ್ಲಾಸ್ಟಿಕ್ಕಿನದು.

ಸೀಟಿಯಲ್ಲಿ ಬರೀ ಉಸಿರು ಬಂತು.
ಮೊಳೆ ಸಡಿಲವಿತ್ತು.
ಚಪ್ಪಲಿ ಬಿಚ್ಚಿ ಎರಡೇಟು ಹಾಕಿ
ಬಿಗಿ ಮಾಡಿ
ಇಳಿದು ಬಂದಳು.