ಒಂಬತ್ತು ಬೇರು

ಸೆಪ್ಟೆಂಬರಿಗೆ ಬರಬೇಕಿದ್ದ ಪೆಟ್ಟಿಗೆ
ಬಂದದ್ದು ಅಕ್ಟೋಬರ್ ಇಪ್ಪತ್ತೊಂಬತ್ತಕ್ಕೆ.
ಯಾವ ಗೋದಾಮಿನಲ್ಲಿ ಕೂತಿತ್ತೋ,
ಯಾರ ವಿಳಾಸಕ್ಕೆ ಹೋಗಿ ತಿರುಗಿತೋ,
ಮೂಲೆ ನಜ್ಜುಗುಜ್ಜಾಗಿ, ನೆನೆದು ಒಣಗಿ,
ಆರ್ವೊ ಟಕಿನೆನ್‌ನ ತೊಡೆಯ ಮೇಲೆ ಕೂತು
ಡುಲೂತ್‌ನ ನಮ್ಮ ಡಯಾಲಿಸಿಸ್ ಕೋಣೆಗೇ ಬಂತು.

"ನನ್ನ ಮೊಣಕಾಲು ಈ ವರ್ಷ ಮಣ್ಣಿಗೆ ಬಗ್ಗೋದಿಲ್ಲ.
ನಿನಗೆ ಹಿತ್ತಿಲು ಇದೆಯಲ್ಲ?"
ನಾನಾಗ ಅವನ ತೋಳಿಗೆ ಸೂಜಿ ಚುಚ್ಚುತ್ತಿದ್ದೆ.
ಸೂಜಿ ಕೈಯಲ್ಲಿರುವಾಗ ಯಾರಿಗೂ ಇಲ್ಲ ಅನ್ನಬಾರದು,
ಇದು ನನ್ನದೇ ಕಾಯಿದೆ.

ನಾಲ್ಕು ತಾಸು.
ಅವನ ರಕ್ತ ಹೊರಗೆ ಹೋಗಿ, ತೊಳೆದುಕೊಂಡು,
ಮನೆಗೆ ಮರಳುವಷ್ಟರಲ್ಲಿ ಪಾಠ ಮುಗಿಯಿತು:
ಬೇರನ್ನು ಬಕೆಟ್ಟಿನಲ್ಲಿ ನೆನೆಸು,
ರಾತ್ರಿಯೆಲ್ಲ ಬೇಡ, ಉಸಿರು ಕಟ್ಟುತ್ತೆ.
ಗುಂಡಿಯೊಳಗೆ ಮಣ್ಣಿನ ಗುಪ್ಪೆ ಮಾಡು,
ಅದರ ಮೇಲೆ ಬೇರನ್ನು ಕೂರಿಸಿ ಸುತ್ತ ಇಳಿಬಿಡು.
ಪಿಯೋನಿಯ ಕಣ್ಣು ಮೂರು ಬೆರಳಿಗಿಂತ
ಕೆಳಗೆ ಹೋಗಕೂಡದು. ಮೂರೇ.
ಗೊಬ್ಬರ ಬೇಡ,
ಮಲಗಹೊರಟವರಿಗೆ ಯಾರಾದರೂ ಎಲೆ ಹಾಕುತ್ತಾರಾ?
ಮಣ್ಣು ಹೆಪ್ಪುಗಟ್ಟಿದ ಮೇಲೆ ತರಗೆಲೆ ಹೊದಿಸು.
ಚಳಿ ಒಳಗೆ ಬಾರದಿರಲಿ ಅಂತಲ್ಲ ಮಾರಾಯ್ತಿ,
ಬಂದ ಚಳಿ ನಡುವೆ ಎದ್ದು ಹೋಗದಿರಲಿ ಅಂತ.

ಮನೆಗೆ ಬಂದು ಬಿಚ್ಚಿದೆ.
ಒಂದು ಒಣಶುಂಠಿ, ಒಂದು ಕೋಳಿಕಾಲು,
ಒಂದು ಬಾವಿಯ ಹಗ್ಗದ ಹರಕು ತುದಿ.
ಚೀಟಿಗಳೆಲ್ಲ ನೀರು ಕುಡಿದು ಹೆಸರು ಬಿಟ್ಟುಕೊಟ್ಟಿದ್ದವು.
ಇಂಥದಕ್ಕೆ ದುಡ್ಡು ಕೊಡುತ್ತಾರಾ?
ಲೆಕ್ಕ ಹಾಕಿದೆ, ಸ್ವಾತಿ ನಕ್ಷತ್ರ.
ರೋಣದ ಎರೆಹೊಲದಲ್ಲಿ ನನ್ನ ಸೋದರತ್ತೆ ನೀಲವ್ವ
ಸ್ವಾತಿ ಬಂದರೆ ಜೋಳದ ಕೂರಿಗೆ ತೊಳೆದು ಅಟ್ಟಕ್ಕೆ ಏರಿಸುತ್ತಿದ್ದಳು.
ಹೊತ್ತು ಮೀರಿ ಬಿತ್ತುವವನ ಜೊತೆ
ಮಾತೂ ಆಡಬಾರದು ಅನ್ನುವ ಹೆಂಗಸು.

ಮರುದಿನ ಡ್ಯೂಟಿ, ಅದರ ಮರುದಿನ ಸಂಜೆ,
ಹಣೆಗೆ ದೀಪ ಕಟ್ಟಿಕೊಂಡು ಹಿತ್ತಿಲಿಗೆ ಇಳಿದೆ.
ಮಣ್ಣಿನ ಮೇಲ್ಪದರ ಹಪ್ಪಳದಂತೆ ಮುರಿಯಿತು,
ಕೆಳಗೆ ಕೆಂಪು ಜೇಡಿ, ಇನ್ನೂ ಮೆತ್ತಗೆ.
ಸರೋವರದ ಕಡೆಯಿಂದ ಗಾಳಿ ಕಿವಿ ಕೊಯ್ಯುತ್ತಿತ್ತು.
ನಾಲ್ಕನೇ ಗುಂಡಿಯ ಹೊತ್ತಿಗೆ
ಬೇಲಿಯಾಚೆ ಒಂದು ಪುಟ್ಟ ಅಸ್ಥಿಪಂಜರ ಬಂದು ನಿಂತಿತು,
ಕೈಯಲ್ಲಿ ದಿಂಬಿನ ಚೀಲ.
"ಯಾರನ್ನ ಹೂಳ್ತಿದ್ದೀ?"
ಬೇರು, ಅಂದೆ. ಅದಕ್ಕೆ ಬೇಜಾರಾಯಿತು.
ನನ್ನ ಕೈಗವಸೆಲ್ಲ ಕೆಸರು,
ಚಾಕಲೇಟನ್ನು ನನ್ನ ಕೋಟಿನ ಜೇಬಿನಿಂದ
ತಾನೇ ತೆಗೆದುಕೊಂಡು ಹೋಯಿತು.

ಎಂಟು ಒಳಗೆ ಹೋದವು.
ಒಂಬತ್ತನೆಯದಕ್ಕೆ ಎಲ್ಲಿ ಅಗೆದರೂ ಬಂಡೆ.
ಕುಂಡಕ್ಕೆ ಹಾಕಿ ಗ್ಯಾರೇಜಿನಲ್ಲಿಟ್ಟೆ.

ಚಳಿಗಾಲವಿಡೀ ಆರ್ವೊ ಏನೂ ಕೇಳಲಿಲ್ಲ.
ತೂಕ ನೋಡಿಸಿಕೊಂಡ, ಪೇಪರು ಓದಿದ,
ಒಮ್ಮೆ ಮೂರು ವಾರ ಆಸ್ಪತ್ರೆಯಲ್ಲಿದ್ದ.
ಆ ಮೂರು ವಾರ
ಅವನ ಕುರ್ಚಿಯಲ್ಲಿ ಬೇರೆಯವರು ಕೂತರು,
ನಾನು ಅವರ ತೋಳಿಗೆ ಚುಚ್ಚಿದೆ.
ಹಿತ್ತಿಲ ಕಡೆ ನೋಡಲಿಲ್ಲ,
ನೋಡಿದರೂ ಬರೀ ಬೆಳ್ಳಗೆ.

ಏಪ್ರಿಲಿನಲ್ಲಿ ಎರಡು ಬೇರು
ಮಣ್ಣಿಂದ ಮೇಲೆದ್ದು ಕೂತಿದ್ದವು,
ಮಂಜು ಎತ್ತಿ ಎಸೆದಿತ್ತು.
ಹಿಮ್ಮಡಿಯಿಂದ ತುಳಿದು ಒಳಗೆ ಕಳಿಸಿದೆ.
ಕುಂಡದ್ದು ಕೊಳೆತಿತ್ತು.
ಮೇ ಕೊನೆಗೆ ಐದು ಬಂದವು,
ಅದರಲ್ಲೊಂದು ಯಾವುದೆಂದು ಈಗಲೂ ಗೊತ್ತಿಲ್ಲ.
ಪಿಯೋನಿ ಎಲ್ಲಕ್ಕಿಂತ ತಡವಾಗಿ,
ಒರಟು ಕೆಂಪು ಮೂಗು ತೂರಿಸಿಕೊಂಡು.

ಫೋನಿನಲ್ಲಿ ತೋರಿಸಿದೆ.
ಎರಡು ಬೆರಳಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡಿದ.
"ಆಳ ಆಯ್ತು. ಎಲೆ ಕೊಡುತ್ತೆ, ಹೂ ಕೊಡಲ್ಲ."
ಮೂರೇ ಬೆರಳು ಇಟ್ಟೆ, ಅಂದೆ.
"ಕೈಗವಸು ಹಾಕಿಕೊಂಡು ಅಳೆದೆಯಾ?"
ನಾನು ಸುಮ್ಮನಾದೆ.
ಅವನು ನಕ್ಕ ರಭಸಕ್ಕೆ ಕೊಳವೆ ಮಡಿಸಿಕೊಂಡು
ಯಂತ್ರ ಕೂಗಿಕೊಂಡಿತು,
ಆಚೆ ಕುರ್ಚಿಯವರೆಲ್ಲ ತಿರುಗಿ ನೋಡಿದರು.
"ಸೆಪ್ಟೆಂಬರಿನಲ್ಲಿ ಎಬ್ಬಿಸಿ ಮತ್ತೆ ನೆಡೋಣ.
ಬರಿಗೈಯಲ್ಲಿ. ನಾನು ಕುರ್ಚಿ ಹಾಕಿಕೊಂಡು ಕೂತಿರ್ತೀನಿ."
ತೋಳು ಆಡಿಸಬೇಡಿ, ಅಂದೆ.
"ಸೆಪ್ಟೆಂಬರ್," ಅಂದ ಮತ್ತೆ,
ನಾನು ಚಾರ್ಟಿನಲ್ಲಿ ಬರೆದುಕೊಳ್ಳಬೇಕು ಎಂಬಂತೆ.